ಕ್ಯಾರವಾನಿನ ನೆತ್ತಿಯ ಮೇಲೆ

ನಮ್ಮ ಮೆಟ್ರೊ ಹಸಿರು ಮಾರ್ಗದಲ್ಲಿ ಯಶವಂತಪುರ ದಾಟಿ ತುಮಕೂರು ರಸ್ತೆಗೆ ಬಿದ್ದ ಮೇಲೆ ಕಿಟಕಿಯಿಂದ ಕೆಳಗೆ ನೋಡಬೇಕು. ಸಿಗ್ನಲ್ಲಿನಲ್ಲಿ ನಿಂತ ಸ್ಲೀಪರ್ ಕೋಚುಗಳು, ಐರಾವತಗಳು, ಕಂಪನಿಗಳ ಬಾಡಿಗೆ ಬಸ್ಸುಗಳು ಅಲ್ಲಿಂದ ತಮ್ಮ ನೆತ್ತಿ ತೋರಿಸುತ್ತವೆ. ರಸ್ತೆಯಲ್ಲಿ ನಿಂತವರಿಗೆ ಬಣ್ಣ, ಬೋರ್ಡು, ಗಾಜಿನ ಮೇಲಿನ ದೇವರ ಹೆಸರು ಕಾಣುತ್ತದೆ. ಮೇಲಿಂದ ನೋಡಿದವರಿಗೆ ಕಾಣುವುದು ಎಸಿ. ಬಿಳಿ ಫೈಬರ್ ಡಬ್ಬ, ಅದರ ಮೇಲೆ ಫ್ಯಾನುಗಳ ಜಾಲರಿ, ಜಾಲರಿಯಲ್ಲಿ ಸಿಕ್ಕಿಕೊಂಡ ಒಣಗಿದ ಎಲೆ, ಡಬ್ಬದ ಅಂಚಿನುದ್ದಕ್ಕೂ ಸಿಲಿಕಾನಿನ ತೇಪೆ. ತೇಪೆಯ ಮೇಲೊಂದು ತೇಪೆ. ಎಸಿ ಸೋರಿತು, ಯಾರೋ ಏಣಿ ಹತ್ತಿ ಬಿಳಿ ಪೇಸ್ಟು ಹಿಂಡಿದರು. ಮುಂದಿನ ಮಳೆಗೆ ಮತ್ತೆ ಸೋರಿತು, ಮತ್ತೆ ಹಿಂಡಿದರು. ಈ ಹಿಂಡುವ ಕೆಲಸ ಬೆಂಗಳೂರಿನ ಯಾವ ಮೂಲೆಯಲ್ಲಾದರೂ ಆಗುತ್ತದೆ. ಹಿಂಡಿದ್ದನ್ನು ಕೆರೆದು ತೆಗೆದು, ನೀರು ಎಲ್ಲಿಂದ ಹೊರಟಿದೆ ಎಂದು ಹುಡುಕುವವರು ಕಡಿಮೆ. ಅಂಥವರು ಪೀಣ್ಯದಲ್ಲಿ ಸಿಗುತ್ತಾರೆ ಎಂದು ಕೇಳಿ ಹೊರಟೆ.

ಪೀಣ್ಯ ಇಂಡಸ್ಟ್ರಿ ನಿಲ್ದಾಣದ ಮೆಟ್ಟಿಲಿಳಿದು ಒಳರಸ್ತೆಗೆ ತಿರುಗಿದರೆ ಮೂಗಿಗೆ ಮೊದಲು ಬಡಿಯುವುದು ಕೂಲೆಂಟ್ ಎಣ್ಣೆಯ ವಾಸನೆ. ಮೆಟ್ರೊ ಇಲ್ಲಿಯವರೆಗೆ ಬಂದದ್ದು 2014ರ ಮಾರ್ಚ್ 1ರಂದು. ಅದಕ್ಕೆ ಮುಂಚೆ ಈ ಕಡೆಗೆ ಕೆಲಸವಿಲ್ಲದೆ ಬರುತ್ತಿದ್ದವರು ವಿರಳ, ಈಗಲೂ ಹೆಚ್ಚಿಲ್ಲ. ಫುಟ್‌ಪಾತ್ ಇದೆ, ನಡೆಯುವವರಿಗಲ್ಲ. ಅದರ ಮೇಲೆ ಟಾಟಾ ಏಸ್‌ಗಳು, ಪೌಡರ್ ಕೋಟಿಂಗಿಗೆ ಹೋಗಬೇಕಾದ ಕಬ್ಬಿಣದ ಚೌಕಟ್ಟುಗಳು, ಗೋಣಿಚೀಲ ತುಂಬಿ ಹೊರಚಾಚಿದ ಲೇತ್ ಮೆಷಿನ್ನಿನ ಸುರುಳಿ ತುರಿ. ಗೇಟಿಗೊಂದು ‘ಕೆಲಸಕ್ಕೆ ಬೇಕಾಗಿದ್ದಾರೆ’ ಬೋರ್ಡು: ಸಿಎನ್‌ಸಿ ಆಪರೇಟರ್, ವಿಎಂಸಿ ಸೆಟ್ಟರ್, ಹೆಲ್ಪರ್. ಮಧ್ಯಾಹ್ನವಾದರೆ ಒಂದು ಪಕ್ಕ ಮುದ್ದೆ ಊಟದ ಹೋಟೆಲು, ಎದುರಿಗೆ ಜೋಳದ ರೊಟ್ಟಿಯ ಖಾನಾವಳಿ. ಇಲ್ಲಿ ದುಡಿಯುವವರು ಯಾವ ಯಾವ ಜಿಲ್ಲೆಯಿಂದ ಬಂದಿದ್ದಾರೆ ಎಂದು ತಿಳಿಯಲು ಬೇರೆ ಸಮೀಕ್ಷೆ ಬೇಡ.

ಈ ಜಾಗದ ಕೈಚಳಕಕ್ಕೆ ಪಕ್ಕದ ಜಾಲಹಳ್ಳಿಯೇ ತವರು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1961ರಲ್ಲಿ ಎಚ್‌ಎಂಟಿಯ ಕೈಗಡಿಯಾರದ ಕಾರ್ಖಾನೆ. ಆ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು ಬೆಳೆದವು. 1970ರ ದಶಕದ ಕೊನೆಯ ಹೊತ್ತಿಗೆ ಪೀಣ್ಯ ಕೈಗಾರಿಕಾ ಪ್ರದೇಶವಾಗಿ ರೂಪುಗೊಂಡಿತು. ಎಚ್‌ಎಂಟಿಯ ಗಡಿಯಾರ ನಿಂತು ವರ್ಷಗಳಾದವು, ಅಲ್ಲೀಗ ಮ್ಯೂಸಿಯಂ ಇದೆ. ‘ಮಿಲಿಮೀಟರಿನ ನೂರನೇ ಒಂದು ಭಾಗ’ ಎಂದು ಮಾತಾಡುವ ಅಭ್ಯಾಸ ಮಾತ್ರ ಈ ಓಣಿಗಳಲ್ಲಿ ಉಳಿದಿದೆ. ಎಸಿ ಸೋರಿಕೆಗೂ ಇದಕ್ಕೂ ಏನು ಸಂಬಂಧ ಎಂದರೆ, ಸಂಬಂಧವಿದೆ. ಅದಕ್ಕೆ ಮುಂದೆ ಬರುತ್ತೇನೆ.

ನಾನು ಹುಡುಕಿಕೊಂಡು ಹೋದ ಶೆಡ್ಡು ದೊಡ್ಡದೇನಲ್ಲ. ತಗಡಿನ ಛಾವಣಿ, ಅದರ ತೊಲೆಗೆ ತೂಗುಹಾಕಿದ ಚೈನ್ ಪುಲ್ಲಿ, ಮೂಲೆಯಲ್ಲಿ ಬಿಚ್ಚಿಟ್ಟ ಕಂಪ್ರೆಸರುಗಳು, ಗೋಡೆಗೆ ಮಾರಮ್ಮನ ಫೋಟೊ, ಅದರ ಕೆಳಗೆ ಗ್ಯಾಸ್ ಸಿಲಿಂಡರುಗಳ ಸಾಲು. ಎರಡು ವಾಹನ ನಿಂತಿದ್ದವು. ಹಿಂದೆ ಒಂದು ಕಂಪನಿ ಬಸ್ಸು, ವೈಟ್‌ಫೀಲ್ಡ್ ಕಡೆ ಓಡುವುದು. ಮುಂದೆ, ಎಲ್ಲರ ಗಮನ ಹಿಡಿದು ನಿಂತದ್ದು ಒಂದು ಕ್ಯಾರವಾನು.

ಕರ್ನಾಟಕದಲ್ಲಿ ಮನೆಯನ್ನೇ ಗಾಡಿಯ ಮೇಲೆ ಹೇರಿಕೊಂಡು ಊರು ಸುತ್ತುವವರು ಇನ್ನೂ ಬೆರಳೆಣಿಕೆ. ಕೇರಳ ಸರ್ಕಾರ 2021ರಲ್ಲಿ ‘ಕೇರವಾನ್ ಕೇರಳ’ ಎಂದು ಇದನ್ನೇ ಪ್ರವಾಸೋದ್ಯಮ ಮಾಡಹೊರಟಿತು. ನಮ್ಮಲ್ಲಿ ಬಾಡಿಗೆಗೆ ಕೊಡುವ ಕೆಲವರಿದ್ದಾರೆ, ಅಷ್ಟೆ. ನಮ್ಮ ಜನ ಕ್ಯಾರವಾನ್ ಎಂದರೆ ನೆನೆಯುವುದು ಸಿನಿಮಾವನ್ನು. ಹೀರೊ, ಹೀರೊಯಿನ್ನು ಬಣ್ಣ ಹಚ್ಚಿಕೊಳ್ಳುವ, ಶಾಟ್ ಇಲ್ಲದಾಗ ಕೂರುವ ಗಾಡಿ. ಇಲ್ಲವೇ ಚುನಾವಣೆಯನ್ನು. 1999ರಲ್ಲಿ ಎಸ್.ಎಂ. ಕೃಷ್ಣ ‘ಪಾಂಚಜನ್ಯ’ ಯಾತ್ರೆಗೆ ಬಸ್ಸು ಹತ್ತಿದ್ದರಿಂದ ಹಿಡಿದು ಕುಮಾರಸ್ವಾಮಿಯವರ ‘ಪಂಚರತ್ನ’ ರಥದವರೆಗೆ ನಮ್ಮ ರಾಜಕಾರಣಿಗಳೂ ಗಾಡಿಯಲ್ಲೇ ತಿಂಗಳುಗಟ್ಟಲೆ ಕಳೆದವರೇ. ಪೀಣ್ಯದಿಂದ ಕಂಠೀರವ ಸ್ಟುಡಿಯೊ ದೂರವಿಲ್ಲ, ಗೊರಗುಂಟೆಪಾಳ್ಯ ದಾಟಿದರೆ ಆಯಿತು. ಹಾಗಾಗಿ ಸಿನಿಮಾದ ಕ್ಯಾರವಾನುಗಳು ಕೆಟ್ಟಾಗ ಇತ್ತ ಬರುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ ಇದು ಎಷ್ಟನೇ ಸಲ ಬಂದದ್ದು ಎಂದು ಡ್ರೈವರಿಗೂ ಲೆಕ್ಕವಿರಲಿಲ್ಲ. ಹಿಂದೆಲ್ಲ ಬೇರೆ ಬೇರೆ ಗ್ಯಾರೇಜಿಗೆ ಹೋಗಿತ್ತು.

ಒಳಗೆ ಹತ್ತಿ ನೋಡಿದೆ. ಸೋಫಾ, ಸಣ್ಣ ಫ್ರಿಜ್ಜು, ಟಾಯ್ಲೆಟ್ಟು, ಸುತ್ತ ಬಲ್ಬು ಜೋಡಿಸಿದ ಮೇಕಪ್ ಕನ್ನಡಿ. ದೂರು ಕನ್ನಡಿಯದೇ: ಎಸಿ ಹಾಕಿ ಅರ್ಧ ಗಂಟೆ ಕಳೆದರೆ ಕನ್ನಡಿಯ ಮೇಲ್ಭಾಗದ ಸೀಲಿಂಗಿನಿಂದ ತೊಟ್ಟು ತೊಟ್ಟು ನೀರು. ಎಸಿ ಇರುವುದೋ ಅಲ್ಲಿಂದ ನಾಲ್ಕೈದು ಅಡಿ ಹಿಂದೆ. ಕನ್ನಡಿಯ ಮೇಲಿನ ಬೀಡಿಂಗ್ ಬಿಚ್ಚಿ, ಅಲ್ಲೂ ಸಿಲಿಕಾನ್ ತುಂಬಿಸಿ ಯಾರೋ ಕೈ ತೊಳೆದುಕೊಂಡಿದ್ದರು.

‘ನೀರು ಬೀಳೋ ಜಾಗ ಹಿಡ್ಕೊಂಡು ಕೂತ್ರೆ ಆಯ್ತು ಸಾರ್, ಜೀವಮಾನ ಪೂರ್ತಿ ಸಿಲಿಕಾನ್ ಹೊಡೀಬೇಕು,’ ಎಂದರು ಮೇಸ್ತ್ರಿ. ಮಧುಗಿರಿ ಕಡೆಯವರು. ಫ್ರಿಜ್ ರಿಪೇರಿಯಿಂದ ಶುರುಮಾಡಿ ಬಸ್ಸಿನ ಎಸಿಗೆ ಬಂದವರು. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ, ಸ್ಪಿರಿಟ್ ಲೆವೆಲ್ ಇತ್ತು. ಡ್ರೈವರನ್ನು ಅವರು ಕೇಳಿದ ಪ್ರಶ್ನೆಗಳು ಡಾಕ್ಟರ್ ಕೇಳುವ ಪೈಕಿಯವು. ಮಳೆ ಇಲ್ಲದ ದಿನವೂ ಬೀಳುತ್ತಾ? ಗಾಡಿ ಓಡುವಾಗಲಾ, ನಿಂತಾಗಲಾ? ಶೂಟಿಂಗ್ ಜಾಗದಲ್ಲಿ ಸಮತಟ್ಟಾಗಿ ನಿಲ್ಲಿಸ್ತೀಯಾ, ಇಳಿಜಾರಲ್ಲಾ? ಎಸಿ ಆಫ್ ಮಾಡಿದ ಮೇಲೆ ಜಾಸ್ತಿ ಆಗುತ್ತಾ? ಕೊನೆಯ ಪ್ರಶ್ನೆಗೆ ಡ್ರೈವರು ‘ಹೌದಣ್ಣ, ಆಫ್ ಮಾಡಿ ಐದ್ ನಿಮಿಷಕ್ಕೆ ಧೋ ಅಂತ ಬರುತ್ತೆ’ ಎಂದಾಗ ಮೇಸ್ತ್ರಿ ನನ್ನ ಕಡೆ ನೋಡಿ ಹುಬ್ಬೇರಿಸಿದರು. ಅದೇಕೆಂದು ಆಗ ತಿಳಿಯಲಿಲ್ಲ.

ನೆತ್ತಿಯ ಎಸಿಯಿಂದ ಒಳಗೆ ಬೀಳುವ ನೀರು ಎರಡು ಬಗೆಯದು. ಒಂದು ಆಕಾಶದ ನೀರು, ಅಂದರೆ ಮಳೆ. ಇನ್ನೊಂದು ಎಸಿ ತಾನೇ ಹುಟ್ಟಿಸುವ ನೀರು. ತಣ್ಣನೆಯ ಮಜ್ಜಿಗೆಯ ಲೋಟ ಬೆವರಿದ ಹಾಗೆ ಎಸಿಯ ಕೂಲಿಂಗ್ ಕಾಯಿಲ್ ಬೆವರುತ್ತದೆ. ಹೊರಗೆ 27 ಡಿಗ್ರಿ, ತೇವಾಂಶ ಶೇ 70 ಎನ್ನೋಣ. ಆ ಗಾಳಿ 21 ಡಿಗ್ರಿಗೆ ತಣಿದರೆ ಸಾಕು, ಅದರೊಳಗಿನ ಆವಿ ನೀರಾಗತೊಡಗುತ್ತದೆ. ಕಾಯಿಲ್ಲಿನ ತಣುವೋ ಹತ್ತು ಡಿಗ್ರಿಗೂ ಕೆಳಗೆ. ಒಂದು ಟನ್ನಿನ ಎಸಿ ಮಳೆಗಾಲದ ದಿನಗಳಲ್ಲಿ ಗಂಟೆಗೆ ಒಂದೆರಡು ಲೀಟರ್ ನೀರು ಇಳಿಸುವುದು ಹೊಸದಲ್ಲ. ಮನೆಯ ಎಸಿಯಾದರೆ ಒಂದು ಪೈಪು ಗೋಡೆಯಾಚೆ ಹೋಗಿ ಪಕ್ಕದ ಮನೆಯವರ ಜಗಳಕ್ಕೆ ಕಾರಣವಾಗುತ್ತದೆ. ಗಾಡಿಯ ನೆತ್ತಿಯಲ್ಲಿ ಆ ನೀರು ಎಲ್ಲಿಗೆ ಹೋಗಬೇಕು?

ಏಣಿ ಹತ್ತಿದ ಮೇಲೆ ಇದಕ್ಕೆ ಉತ್ತರ ಸಿಕ್ಕಿತು. ಕ್ಯಾರವಾನಿಗೆ ಕೂರಿಸುವ ಡಬ್ಬದಲ್ಲಿ ಕಂಪ್ರೆಸರ್, ಕಂಡೆನ್ಸರ್, ಕೂಲಿಂಗ್ ಕಾಯಿಲ್, ಬ್ಲೋವರ್ ಎಲ್ಲವೂ ಒಂದರಲ್ಲೇ. ತೂಕ ಸುಮಾರು ನಲವತ್ತು ಕಿಲೊ. ಅಮೆರಿಕದಲ್ಲಿ ಮನೆಗಾಡಿಗಳಿಗೆಂದೇ ಬೆಳೆದ ವಿನ್ಯಾಸ ಇದು. ಅವರಲ್ಲಿ 13,500 ಅಥವಾ 15,000 ಬಿಟಿಯು, ನಮ್ಮ ಲೆಕ್ಕದಲ್ಲಿ ಒಂದೂಕಾಲು ಟನ್ನಿನ ಆಸುಪಾಸು. ಗಾಡಿಯ ಮಾಡಿನಲ್ಲಿ ಹದಿನಾಲ್ಕೂಕಾಲು ಇಂಚಿನ ಚೌಕ ತೂತು, ಅದರ ಸುತ್ತ ದಪ್ಪ ಸ್ಪಂಜಿನ ಗ್ಯಾಸ್ಕೆಟ್ಟು, ಅದರ ಮೇಲೆ ಡಬ್ಬ. ಮೇಲಿನಿಂದ ಒಂದು ಸ್ಕ್ರೂ ಕೂಡ ಮಾಡನ್ನು ತೂರಿ ಹೋಗುವುದಿಲ್ಲ. ಒಳಗಿನ ಸೀಲಿಂಗಿಗೆ ಒಂದು ಚೌಕಟ್ಟು ಕೊಟ್ಟು ನಾಲ್ಕು ಉದ್ದನೆಯ ಬೋಲ್ಟುಗಳಿಂದ ಡಬ್ಬವನ್ನು ಕೆಳಕ್ಕೆ ಎಳೆದು ಹಿಡಿಯುತ್ತಾರೆ. ಮಾಡು ನಡುವೆ ಸಿಕ್ಕಿಕೊಳ್ಳುತ್ತದೆ, ಗ್ಯಾಸ್ಕೆಟ್ಟು ಅರ್ಧಕ್ಕೆ ಅದುಮಿಕೊಳ್ಳುತ್ತದೆ, ಅಷ್ಟರಿಂದಲೇ ಮಳೆ ನಿಲ್ಲುತ್ತದೆ.

ಡಬ್ಬ ಬೆವರಿದ ನೀರು? ಅದು ಕಾಯಿಲ್ಲಿನ ಕೆಳಗಿನ ಟ್ರೇಗೆ ಬಿದ್ದು, ತಳದ ತಗಡಿನ ತೂತುಗಳಿಂದ ಇಳಿದು, ಗಾಡಿಯ ಮಾಡಿನ ಮೇಲೇ ಹರಿದು ಅಂಚಿನಿಂದ ಕೆಳಗೆ ಬೀಳಬೇಕು. ಪೈಪಿಲ್ಲ, ಗಟಾರವಿಲ್ಲ. ಡಬ್ಬದ ತಳಕ್ಕೂ ಮಾಡಿಗೂ ನಡುವೆ ಗ್ಯಾಸ್ಕೆಟ್ಟಿನ ಹೊರಗೆ ಉಳಿದ ಆ ಸಣ್ಣ ಸಂದೇ ಹೊರದಾರಿ.

ಈ ಕ್ಯಾರವಾನಿನಲ್ಲಿ ಆ ಸಂದಿನ ನಾಲ್ಕೂ ಬದಿಗೆ ಸಿಲಿಕಾನ್ ತುಂಬಿತ್ತು. ಅಚ್ಚುಕಟ್ಟಾಗಿ, ಬೆರಳಿನಿಂದ ನೇವರಿಸಿ ನುಣುಪು ಮಾಡಿ. ಮಾಡಿದವರ ಕೈ ಚೆನ್ನಾಗಿದೆ, ಅದೇ ದುರದೃಷ್ಟ.

ಆದರೂ ಮೇಸ್ತ್ರಿ ತಕ್ಷಣ ಕೆರೆಯಲು ಹೋಗಲಿಲ್ಲ. ಜನರೇಟರ್ ಲೈನು ತೆಗೆಸಿ, ಕರೆಂಟು ಇಲ್ಲವೆಂದು ಟೆಸ್ಟರ್ ಇಟ್ಟು ನೋಡಿ, ಮೇಲಿನ ಫೈಬರ್ ಮುಚ್ಚಳ ಬಿಚ್ಚಿದರು. ಹೆಲ್ಪರ್ ಹುಡುಗ, ಯಾದಗಿರಿಯವನು, ಕೆಳಗಿನಿಂದ ಒಂದು ತಂಬಿಗೆ ನೀರು ಕೊಟ್ಟ. ಮೇಸ್ತ್ರಿ ಜೇಬಿನಿಂದ ತೆಗೆದದ್ದು ಉಜಾಲ ಬಾಟಲಿ. ಬಿಳಿ ಅಂಗಿಗೆ ಹಾಕುವ ಅದೇ ನೀಲಿ. ನಾಲ್ಕು ಹನಿ ಬಿಟ್ಟು ಕಲಕಿ, ಕಾಯಿಲ್ಲಿನ ಕೆಳಗಿನ ಟ್ರೇಗೆ ಮೆಲ್ಲಗೆ ಸುರಿದರು. ಕನ್ನಡಿಯ ಮೇಲೆ, ಸೀಲಿಂಗಿಗೆ ಟಿಶ್ಯೂ ಪೇಪರ್ ಅಂಟಿಸಿ ಹುಡುಗನನ್ನು ಕಾವಲಿಗೆ ಕೂರಿಸಿದರು. ಇನ್ನೊಂದು ತಂಬಿಗೆ, ಮತ್ತೊಂದು. ಟ್ರೇಯಿಂದ ನೀಲಿ ನೀರು ತೂತಿಗಿಳಿದು ಮಾಯವಾಯಿತು. ಮಾಡಿನ ಅಂಚಿನಲ್ಲಿ ಒಂದು ಹನಿಯೂ ಕಾಣಲಿಲ್ಲ. ಚಹಾ ಬಂತು, ಕುಡಿದಾಯಿತು. ಒಳಗಿನಿಂದ ಕೂಗು: ‘ಅಣ್ಣಾರ, ನೀಲಿ ಬಂತ್ರೀ!’

ಟಿಶ್ಯೂ ಮೇಲೆ ನಾಲ್ಕಾಣೆ ಅಗಲದ ನೀಲಿ ಕಲೆ. ನೀಲಿ ತೊಟ್ಟು ನಿಂತ ಮೇಲೆ, ಹೊಸ ಟಿಶ್ಯೂ ಅಂಟಿಸಿ, ಬರೀ ನೀರಿನ ಪೈಪನ್ನು ಮಾಡಿನ ಮುಂಭಾಗಕ್ಕೆ ಹಿಡಿದರು. ಮೊದಲು ಕೆಳಗಿನ ಅಂಚಿಗೆ, ನಂತರ ಮೆಲ್ಲಗೆ ಮೇಲಕ್ಕೆ, ಆಂಟೆನಾ, ದೀಪದ ತಳ, ಗಾಳಿಕಿಂಡಿ ಒಂದೊಂದನ್ನೇ ನೆನೆಸುತ್ತ. ಒಟ್ಟಿಗೆ ಎಲ್ಲ ಕಡೆ ನೀರು ಹೊಡೆದರೆ ಯಾವುದು ಸೋರಿತು ಎಂದು ಗೊತ್ತಾಗುವುದು ಹೇಗೆ? ಟಿಶ್ಯೂ ಒಣಗಿಯೇ ಇತ್ತು. ಅಂದರೆ ಮಳೆಯದು ತಪ್ಪಿಲ್ಲ. ಬೆವರು ಹೊರಹೋಗಲು ದಾರಿ ಸಿಗದೆ ಸಿಲಿಕಾನಿನ ಕಟ್ಟೆಯೊಳಗೆ ಕೆರೆಯಾಗಿ, ಗ್ಯಾಸ್ಕೆಟ್ಟಿನ ಎತ್ತರ ಮೀರಿ ತೂತಿನೊಳಗೆ ಇಳಿದು, ಸೀಲಿಂಗಿನ ಹಲಗೆಗೂ ಮಾಡಿಗೂ ನಡುವಿನ ಅಲ್ಯೂಮಿನಿಯಂ ಪಟ್ಟಿ ಹಿಡಿದು ಮುಂದಕ್ಕೆ ಹರಿದು, ಎಲ್ಲೋ ಒಂದು ಸ್ಕ್ರೂ ತೂತು ಸಿಕ್ಕ ಕಡೆ ಕನ್ನಡಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಸೋರಿಕೆ ನಿಲ್ಲಿಸಲು ಹಾಕಿದ್ದೇ ಸೋರಿಕೆ ತಂದಿತ್ತು.

ರಾಜಕಾಲುವೆಯ ಮಾತು ನಾನಾಗಿ ಎತ್ತಬಾರದು ಎಂದುಕೊಂಡಿದ್ದೆ, ಬೆಂಗಳೂರಿನ ಬಗ್ಗೆ ಬರೆಯುವವರೆಲ್ಲ ಎತ್ತುತ್ತಾರೆ. ಮೇಸ್ತ್ರಿಯೇ ಎತ್ತಿದರು. ‘2022ರಲ್ಲಿ ಔಟರ್ ರಿಂಗ್ ರೋಡಲ್ಲಿ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ ಸಾರ್, ಅಲ್ಲೂ ಇದೇ ಕಥೆ. ನೀರಿನ ದಾರಿ ಮುಚ್ಚಿ, ಮಳೆ ಮೇಲೆ ತಪ್ಪು ಹಾಕಿದ್ರು.’ ಅಷ್ಟು ಹೇಳಿ ಕತ್ತಿಯಂಥ ಸ್ಕ್ರೇಪರ್ ಹಿಡಿದು ಸಿಲಿಕಾನ್ ಎಬ್ಬಿಸತೊಡಗಿದರು.

ಇನ್ನೊಂದು ತಪ್ಪೂ ಸಿಕ್ಕಿತು, ಅದು ಒಳಗಿನದು. ಸೀಲಿಂಗಿನ ಗ್ರಿಲ್ ಬಿಚ್ಚಿ ಗಾಳಿ ಎಳೆಯುವ ಫಿಲ್ಟರ್ ಹೊರತೆಗೆದರೆ ಅದರ ಕಣ್ಣುಗಳೆಲ್ಲ ಮುಚ್ಚಿ, ತಿಳಿಗುಲಾಬಿ ಬಣ್ಣದ ಹೊದಿಕೆ. ಬೆರಳಿನಿಂದ ಕೆರೆದರೆ ಗಟ್ಟಿ ಪದರವೇ ಎದ್ದುಬಂತು. ಫೇಸ್ ಪೌಡರು, ಹೇರ್ ಸ್ಪ್ರೇ! ವರ್ಷಗಟ್ಟಲೆ ನಾಯಕಿಯರ ಕೆನ್ನೆಗೆ ಹಚ್ಚಿದ್ದರಲ್ಲಿ ಅರ್ಧ ಎಸಿಯ ಹೊಟ್ಟೆ ಸೇರಿತ್ತು. ಗಾಳಿ ಸರಿಯಾಗಿ ಹಾಯದಿದ್ದರೆ ಕಾಯಿಲ್ ಸೊನ್ನೆಗೂ ಕೆಳಗಿಳಿದು ಅದರ ಮೇಲಿನ ಬೆವರು ಹಿಮಗಡ್ಡೆಯಾಗುತ್ತದೆ. ಎಸಿ ಓಡುವವರೆಗೆ ಗಡ್ಡೆ ಬೆಳೆಯುತ್ತದೆ, ತಂಪು ಕಡಿಮೆಯಾಗುತ್ತದೆ, ಎಲ್ಲರೂ ‘ಗ್ಯಾಸ್ ಖಾಲಿ’ ಎನ್ನುತ್ತಾರೆ. ಆಫ್ ಮಾಡಿದೊಡನೆ ಗಡ್ಡೆ ಕರಗಿ ಟ್ರೇ ಹಿಡಿಸಲಾರದಷ್ಟು ನೀರು ಒಂದೇ ಸಲಕ್ಕೆ ಇಳಿಯುತ್ತದೆ. ಡ್ರೈವರ್ ಹೇಳಿದ ‘ಧೋ’ ಇದೇ. ಮೇಸ್ತ್ರಿ ಹುಬ್ಬೇರಿಸಿದ್ದು ಅದಕ್ಕೆ.

ಗ್ಯಾಸಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಗ್ಯಾಸ್ ನಿಜವಾಗಿಯೂ ಕಡಿಮೆಯಾದರೂ ಹೀಗೆಯೇ ಗಡ್ಡೆ ಕಟ್ಟುತ್ತದೆ. ಆದರೆ ಈ ಬಗೆಯ ಡಬ್ಬಗಳನ್ನು ಫ್ಯಾಕ್ಟರಿಯಲ್ಲೇ ಬೆಸೆದು ಮುಚ್ಚಿರುತ್ತಾರೆ, ಗ್ಯಾಸ್ ತುಂಬಿಸಲು ಬಾಯಿಯನ್ನೇ ಇಟ್ಟಿರುವುದಿಲ್ಲ. ಪೈಪಿಗೆ ತೂತು ಕೊರೆದು ಹೊಸ ವಾಲ್ವ್ ಕೂರಿಸಬೇಕು, ಆ ವಾಲ್ವೇ ಮುಂದೆ ಸೋರಬಹುದು. ಹಾಗಾಗಿ ಫಿಲ್ಟರ್ ತೊಳೆಯದೆ ಗ್ಯಾಸ್ ಮುಟ್ಟುವ ಮೆಕ್ಯಾನಿಕ್‌ನಿಂದ ದೂರವಿರುವುದು ಲೇಸು. ಫಿಲ್ಟರ್ ತೊಳೆಯಲು ಹುಡುಗನಿಗೆ ಬೇಕಾದದ್ದು ಬಕೆಟ್ಟು, ಸೋಪಿನ ಪುಡಿ, ಹಳೆಯ ಬ್ರಷ್ಷು.

ಚೈನ್ ಪುಲ್ಲಿಗೆ ಬೆಲ್ಟು ಕಟ್ಟಿ ಡಬ್ಬವನ್ನು ಮೇಲೆತ್ತಿದಾಗ ಕೆಳಗಿನ ಸ್ಥಿತಿ ಬಯಲಾಯಿತು. ಗ್ಯಾಸ್ಕೆಟ್ಟು ಒಂದು ಕಡೆ ಅಪ್ಪಚ್ಚಿ, ಇನ್ನೊಂದು ಕಡೆ ಸಡಿಲ. ನಮ್ಮ ರಸ್ತೆಗಳ ಹಂಪು, ಹಳ್ಳಕ್ಕೆ ನಲವತ್ತು ಕಿಲೊ ನೆತ್ತಿಯ ಮೇಲೆ ಕುಣಿದರೆ ಬೋಲ್ಟು ಸಡಿಲವಾಗದೆ ಇರದು. ಮರದ ಕೊಂಬೆ ತಾಗಿದರಂತೂ ಡಬ್ಬವೇ ಅರ್ಧ ಇಂಚು ಸರಿಯುತ್ತದೆ. ಸಡಿಲವಾದ ಬೋಲ್ಟನ್ನು ಬಲವಾಗಿ ಬಿಗಿದವರು ಮಾಡನ್ನೇ ಬಗ್ಗಿಸಿದ್ದರು. ಸ್ಪಿರಿಟ್ ಲೆವೆಲ್ ಇಟ್ಟರೆ ತೂತಿನ ಸುತ್ತ ತಟ್ಟೆಯಂತೆ ತಗ್ಗು. ಫೈಬರ್ ಹೊದಿಕೆಯ ಕೆಳಗಿನ ಪ್ಲೈವುಡ್ಡು ನೀರು ಕುಡಿದು ಉಬ್ಬಿತ್ತು. ಮೇಸ್ತ್ರಿ ಸ್ಕ್ರೂ ಡ್ರೈವರ್ ಒತ್ತಿದರು, ತುದಿ ಸಲೀಸಾಗಿ ಒಳಗಿಳಿಯಿತು.

ಕೊಳೆತಷ್ಟನ್ನೂ ಕತ್ತರಿಸಿ ತೆಗೆದರು. ಒಳಗಿನಿಂದ ಎರಡು ಅಲ್ಯೂಮಿನಿಯಂ ಸ್ಕ್ವೇರ್ ಪೈಪುಗಳನ್ನು ಅಡ್ಡಲಾಗಿ ಕೊಟ್ಟು ತಗ್ಗನ್ನು ಎತ್ತಿ ನಿಲ್ಲಿಸಿ, ಮರೀನ್ ಪ್ಲೈ ತುಂಡು ಕೂರಿಸಿ, ಮೇಲೆ ಫೈಬರ್ ಮ್ಯಾಟು, ರೆಸಿನ್ನು. ಚೌಕ ತೂತಿನ ಅಳತೆ ಹಿಂದಿನದೇ ಇರಬೇಕು, ದೊಡ್ಡದು ಮಾಡುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ರೂಪ ಬದಲಿಸುವುದರ ಮೇಲೆ ಬಿಗಿಯಾಗಿದೆ. ಮೋಟಾರು ಕ್ಯಾರವಾನಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ‘ಮಾಡಲ್ಲಿ ಹೊಸ ತೂತು ಕೊರೀರಿ, ಇನ್ನೊಂದು ಎಸಿ ಕೂರಿಸೋಣ ಅಂತ ಬರ್ತಾರೆ. ಅದು ನನ್ನ ಕೆಲಸ ಅಲ್ಲ, ಆರ್‌ಟಿಒ ಹತ್ರ ಹೋಗಿ ಅಂತೀನಿ,’ ಎಂದರು ಮೇಸ್ತ್ರಿ. ರೆಸಿನ್ ಗಟ್ಟಿಯಾಗುವವರೆಗೆ ಕೆಲಸವಿಲ್ಲ. ಗ್ಯಾಸ್ಕೆಟ್ ಮಾಡಿಸಲು ಹೊರಟರು, ನಾನೂ ಹಿಂದೆ ಬಿದ್ದೆ.

ಇಲ್ಲಿ ಪೀಣ್ಯ ಬೇಕು. ವಿದೇಶಿ ಡಬ್ಬದ ಗ್ಯಾಸ್ಕೆಟ್ಟನ್ನು ಅಲ್ಲಿಂದಲೇ ತರಿಸಿದರೆ ವಾರಗಟ್ಟಲೆ ಕಾಯಬೇಕು. ಶೆಡ್ಡಿನಿಂದ ಎರಡು ಓಣಿಯಾಚೆ ರಬ್ಬರ್ ಕತ್ತರಿಸುವ ಸಣ್ಣ ಘಟಕ. ಬಾಗಿಲಲ್ಲೇ ಬಗೆಬಗೆಯ ಸ್ಪಂಜಿನ ಹಾಳೆಗಳು. ಅಲ್ಲಿಯ ಮಾಲೀಕರು ವಯಸ್ಸಾದವರು. ಮಾತು ಕಡಿಮೆ. ಮೇಸ್ತ್ರಿ ಹಳೆಯ ಗ್ಯಾಸ್ಕೆಟ್ಟಿನ ತುಂಡು ಮುಂದಿಟ್ಟರು. ಅವರು ಅದನ್ನು ನೋಡದೆ ಎರಡು ಹೊಸ ತುಂಡು ತೆಗೆದು ನೀರಿನ ಬಕೆಟ್ಟಿಗೆ ಹಾಕಿ ಅದುಮಿ ಹಿಡಿದು ಬಿಟ್ಟರು. ಒಂದು ನೀರು ಕುಡಿದು ಭಾರವಾಯಿತು, ಹಿಂಡಿದರೆ ಸುರಿಯಿತು. ಇನ್ನೊಂದು ತೇಲಿತು, ಹಿಂಡಿದರೆ ಒಣಗಿಯೇ ಇತ್ತು. ಹೊರಗೆ ನೋಡಿದರೆ ಎರಡೂ ಒಂದೇ ಕಪ್ಪು, ಒಂದೇ ಮೆತ್ತಗೆ. ಮೊದಲನೆಯದರ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿವೆ, ಅದು ಮಂಚಕ್ಕೆ, ಸೀಟಿಗೆ. ಎರಡನೆಯದರಲ್ಲಿ ಪ್ರತಿ ಗುಳ್ಳೆಯೂ ತನ್ನಷ್ಟಕ್ಕೆ ಮುಚ್ಚಿಕೊಂಡಿದೆ, ಅದು ನೀರು ತಡೆಯಲು. ‘ಸೀಟಿಂದ ತಗೊಂಡ್ಹೋಗಿ ಎಸಿಗೆ ಹಾಕ್ತಾರೆ. ಅಗ್ಗ ಅಂತ,’ ಎಂದಷ್ಟೇ ಹೇಳಿ ಸ್ಟೀಲ್ ಸ್ಕೇಲ್ ಇಟ್ಟು ಇಪಿಡಿಎಂ ರಬ್ಬರ್ ಹಾಳೆಯ ಮೇಲೆ ಚೌಕ ಗೀಚಿದರು. ಮೂಲೆಗಳಲ್ಲಿ ಜಾಯಿಂಟ್ ಬರಬಾರದೆಂದು ಒಂದೇ ತುಂಡಿನಲ್ಲಿ ಕತ್ತರಿಸಿಕೊಟ್ಟರು. ಎಲ್ಲ ಕಡೆಯೂ ದಪ್ಪ ಒಂದೇ ಇದೆಯಾ ಎಂದು ವರ್ನಿಯರ್ ಹಿಡಿದು ನೋಡಿದರು. ಸ್ಪಂಜಿಗೆ ವರ್ನಿಯರ್! ಎಚ್‌ಎಂಟಿಯ ಅಭ್ಯಾಸ ಎಂದೆನಲ್ಲ, ಅದು ಇದೇ.

ವಾಪಸು ಬಂದಾಗ ರೆಸಿನ್ ಇನ್ನೂ ಬೆಚ್ಚಗಿತ್ತು. ಮೇಸ್ತ್ರಿ ಹಿಂದಿನ ಬಸ್ಸಿಗೆ ತಿರುಗಿದರು.

ಬಸ್ಸಿನ ನೆತ್ತಿಯ ಎಸಿ ಬೇರೆಯೇ ಜಾತಿ. ಕಂಪ್ರೆಸರ್ ಕೆಳಗೆ ಎಂಜಿನ್ನಿಗೆ ಬೆಲ್ಟು ಹಾಕಿಕೊಂಡು ತಿರುಗುತ್ತದೆ. ಮೇಲೆ ಕಾಯಿಲ್ಲುಗಳು, ಫ್ಯಾನುಗಳು ಮಾತ್ರ. ಬೆವರಿನ ನೀರು ಎರಡೂ ಬದಿಯ ಟ್ರೇಗಳಿಂದ ಕಂಬಗಳೊಳಗೆ ಇಳಿಬಿಟ್ಟ ಪೈಪುಗಳಲ್ಲಿ ಕೆಳಗಿಳಿದು ರಸ್ತೆಗೆ ಬೀಳುತ್ತದೆ. 2001ರಲ್ಲಿ ವೋಲ್ವೊ ಬಿ7ಆರ್ ನಮ್ಮ ರಸ್ತೆಗೆ ಬಂದ ಮೇಲೆ, ಅದರ ಬೆನ್ನಿಗೆ ಬಿಎಂಟಿಸಿಯ ವಜ್ರ ಬಂದ ಮೇಲೆ ಬೆಂಗಳೂರಿನವರಿಗೆ ಎಸಿ ಬಸ್ಸು ಅಭ್ಯಾಸವಾಯಿತು, ಎಸಿಯ ತೊಟ್ಟೂ ಅಭ್ಯಾಸವಾಯಿತು. ಮಳೆಗಾಲದ ಸಂಜೆ ಕಾಡುಗೋಡಿ ಕಡೆಯ ಬಸ್ಸಿನೊಳಗೆ ಕೊಡೆ ಬಿಚ್ಚಿ ಕೂತವರನ್ನು ಕಂಡವರಿದ್ದಾರೆ.

ಇಲ್ಲಿ ಒಂದು ಲೆಕ್ಕ ನನಗೆ ಮಜವೆನಿಸಿತು. ಸುಮ್ಮನೆ ಕೂತ ಮನುಷ್ಯ ಉಸಿರು, ಬೆವರು ಸೇರಿ ಗಂಟೆಗೆ ಸುಮಾರು 50 ಮಿಲಿಲೀಟರ್ ನೀರನ್ನು ಗಾಳಿಗೆ ಬಿಡುತ್ತಾನೆ. ನಲವತ್ತು ಜನ ಕೂತ, ಕಿಟಕಿ ತೆರೆಯಲಾಗದ ಬಸ್ಸಿನಲ್ಲಿ ಅದು ಗಂಟೆಗೆ ಎರಡು ಲೀಟರ್. ಬಾಗಿಲು ತೆರೆದಾಗಲೆಲ್ಲ ನುಗ್ಗುವ ಒದ್ದೆ ಗಾಳಿ ಬೇರೆ. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡ ಬಸ್ಸಿನಲ್ಲಿ ತಲೆಯ ಮೇಲೆ ಬಿದ್ದ ತೊಟ್ಟಿನಲ್ಲಿ ಸಹಪ್ರಯಾಣಿಕರ ಪಾಲೂ ಇದೆ ಎಂದಾಯಿತು. ಇದನ್ನು ಹೇಳಿದಾಗ ಯಾದಗಿರಿಯ ಹುಡುಗ ಮುಖ ಕಿವುಚಿದ.

ವೈಟ್‌ಫೀಲ್ಡಿನ ಬಸ್ಸಿನ ರೋಗ ಸರಳವಿತ್ತು. ಬ್ರೇಕ್ ಹಾಕಿದಾಗಲೆಲ್ಲ ಮುಂದಿನ ಎರಡು ಸೀಟಿನವರಿಗೆ ಸ್ನಾನ, ಓಡುವಾಗ ಇಲ್ಲ. ಪೈಪು ಕಟ್ಟಿಕೊಂಡು ಟ್ರೇ ತುಂಬಿ ನಿಂತಿದೆ, ಬ್ರೇಕಿಗೆ ನೀರು ಮುಂದಕ್ಕೆ ಜಿಗಿಯುತ್ತಿದೆ. ಕೆಳಗಿನ ತುದಿಯಿಂದ ಗಾಳಿ ಹೊಡೆದಾಗ ಪೈಪಿನಿಂದ ಹೊರಬಂದದ್ದು ಧೂಳು, ಎಲೆ, ಪಾಚಿ ಸೇರಿದ ಕಪ್ಪು ಲೋಳೆ. ಜೋರಾಗಿ ಗಾಳಿ ಹೊಡೆದರೆ ಕಂಬದೊಳಗೆ ಪೈಪಿನ ಜಾಯಿಂಟ್ ಬಿಟ್ಟುಕೊಂಡು ಇನ್ನೂ ದೊಡ್ಡ ತಲೆನೋವು. ಹಾಗಾಗಿ ಒತ್ತಡ ಇಳಿಸಿ, ಬಿಟ್ಟು ಬಿಟ್ಟು ಹೊಡೆದರು. ಇಂಥ ಬಸ್ಸುಗಳು ಇಲ್ಲಿಗೆ ಬರುವುದು ಹೆಚ್ಚಾಗಿ ಶನಿವಾರ, ಭಾನುವಾರ. ಉಳಿದ ದಿನ ವೈಟ್‌ಫೀಲ್ಡಿನಲ್ಲೂ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಅವಕ್ಕೆ ಬಿಡುವಿಲ್ಲ. ಐಟಿಯವರ ವಾರದ ರಜೆ ಈ ಶೆಡ್ಡಿನವರ ವಾರದ ದುಡಿಮೆ.

ಸಂಜೆಯಾಗುತ್ತ ಬಂದಂತೆ ಕ್ಯಾರವಾನಿನ ಮಾಡು ಗಟ್ಟಿಯಾಯಿತು. ಹೊಸ ಗ್ಯಾಸ್ಕೆಟ್ ಕೂರಿಸಿ, ಡಬ್ಬವನ್ನು ಪುಲ್ಲಿಯಿಂದ ಇಳಿಸಿ, ಒಳಗಿನಿಂದ ನಾಲ್ಕು ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದು ಸುತ್ತಿನಂತೆ ಬಿಗಿದರು. ಒಂದನ್ನೇ ಪೂರ್ತಿ ಬಿಗಿದರೆ ಡಬ್ಬ ವಾಲುತ್ತದೆ. ಗ್ಯಾಸ್ಕೆಟ್ಟಿನ ಪಕ್ಕಕ್ಕೆ ಸೀಸದಕಡ್ಡಿಯಲ್ಲಿ ಮೊದಲೇ ಗೀಟು ಹಾಕಿಟ್ಟಿದ್ದರು. ದಪ್ಪ ಅರ್ಧಕ್ಕೆ ಇಳಿದೊಡನೆ ಕೈ ನಿಂತಿತು. ‘ಇನ್ನೂ ತಿರುಗುತ್ತೆ ಅಂತ ತಿರುಗಿಸ್ಬಾರ್ದು,’ ಎಂದು ಹುಡುಗನಿಗೆ ಹೇಳಿದರು. ವಾರ ಹದಿನೈದು ದಿನ ಗಾಡಿ ಓಡಿದ ಮೇಲೆ ಮತ್ತೆ ಬಂದು ಬಿಗಿ ನೋಡಿಸಿಕೊಂಡು ಹೋಗಬೇಕೆಂದು ಡ್ರೈವರಿಗೆ ತಾಕೀತು.

ಎಸಿ ಹಾಕಿದರು. ಟ್ರೇಗೆ ಮತ್ತೊಂದು ತಂಬಿಗೆ ಉಜಾಲ ನೀರು. ಈ ಸಲ ಟಿಶ್ಯೂ ಒಣಗಿಯೇ ಉಳಿಯಿತು. ಡಬ್ಬದ ತಳದಿಂದ ನೀಲಿ ಎಳೆಯೊಂದು ಹೊರಬಂದು ಮಾಡಿನ ಮೇಲೆ ಹಿಂದಕ್ಕೆ ಹರಿದು, ಅಂಚಿನಿಂದ ಜಾರಿ ನೆಲಕ್ಕೆ ಬಿತ್ತು. ಬಿಳಿ ಬಣ್ಣದ ಗಾಡಿಯ ಮೇಲೆ ನೀಲಿ ಗೆರೆ ಉಳಿದೀತೆಂದು ಹುಡುಗ ಒರೆಸಲು ಓಡಿದ.

ಡ್ರೈವರಿಗೆ ಮಾತ್ರ ನೆಮ್ಮದಿಯಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, ಏಣಿ ಹತ್ತಿ ಇಣುಕಿ, ಡಬ್ಬದ ಕೆಳಗಿನ ಖಾಲಿ ಸಂದನ್ನು ನೋಡಿ ಇಳಿದ.

‘ಅಣ್ಣ, ಎಲ್ಲ ಸರಿ. ಸುತ್ತ ಒಂದ್ ಲೈನ್ ಸಿಲಿಕಾನ್ ಹೊಡೆದುಬಿಡಿ. ಹಿಂಗೆ ಸಂದು ಬಿಟ್ಕೊಂಡು ಹೋದ್ರೆ ಓನರ್ ನನ್ನ ಬೈತಾರೆ.’

ಮೇಸ್ತ್ರಿ ಕೈ ಒರೆಸಿಕೊಂಡು ಕೈಚಾಚಿದರು.

‘ಓನರ್‌ಗೆ ಫೋನ್ ಹಾಕು ಗುರು. ನಾನೇ ಬೈಸ್ಕೋತೀನಿ.’